ಹನ್ನೆರಡು ಅಕ್ಷರದ ಒಂದು ಸಮಾಸ

ಪ್ಯಾರಾಡೈಮೀಥೈಲಮಿನೋಬೆಂಜಾಲ್ಡಿಹೈಡ್. ಮೊದಲ ಸಲ ಕಿವಿಗೆ ಬಿದ್ದವರಿಗೆ ಇದು ಮಂತ್ರವೋ ಬೈಗುಳವೋ ಗೊತ್ತಾಗುವುದಿಲ್ಲ. ಎರಡೂ ಅಲ್ಲ. ಇದು ಪ್ರಯೋಗಾಲಯದ ಕಪಾಟಿನಲ್ಲಿ ಕೂತಿರುವ, ಬಿಳಿಗೆ ತುಸು ಹಳದಿ ಬೆರೆತಂತೆ ಕಾಣುವ ಹರಳಿನ ಹೆಸರು. ಜರ್ಮನಿಯ ಪಾಲ್ ಎರ್ಲಿಖ್ 1901ರಲ್ಲಿ ಇದರ ಉಪಯೋಗವನ್ನು ತೋರಿಸಿಕೊಟ್ಟರು. ಇದನ್ನು ಆಮ್ಲದಲ್ಲಿ ಕರಗಿಸಿ ರೋಗಿಯ ಮೂತ್ರಕ್ಕೆ ಬೆರೆಸಿದರೆ, ಅದರಲ್ಲಿ ಯೂರೋಬಿಲಿನೋಜನ್ ಹೆಚ್ಚಿದ್ದಾಗ ಕೆಂಪು ಬಣ್ಣ ಏಳುತ್ತದೆ. ಕಾಮಾಲೆ ಯಾವ ಬಗೆಯದು ಎಂದು ತಿಳಿಯಲು ವೈದ್ಯರಿಗೆ ಇದೊಂದು ಸುಳಿವು. ಇವತ್ತಿಗೂ ವೈದ್ಯಕೀಯ ಕಾಲೇಜುಗಳಲ್ಲಿ ಇದು ಎರ್ಲಿಖ್ ಕಾರಕ ಎಂದೇ ಪರಿಚಿತ. ಪೂರ್ತಿ ಹೆಸರನ್ನು ಯಾರೂ ಹೇಳುವುದಿಲ್ಲ. ಆದರೆ ಸ್ವಾರಸ್ಯವೆಲ್ಲ ಇರುವುದು ಆ ಪೂರ್ತಿ ಹೆಸರಿನಲ್ಲೇ.

ಬಾಸ್ಟನ್ ವಿಶ್ವವಿದ್ಯಾಲಯದಲ್ಲಿ ಜೀವರಸಾಯನ ಕಲಿಸಿದ್ದ, ವಿಜ್ಞಾನ ಕಥೆಗಳಿಂದ ಲೋಕಪ್ರಸಿದ್ಧರಾದ ಐಸಾಕ್ ಅಸಿಮೋವ್ 1963ರಲ್ಲಿ ಈ ಹೆಸರಿನ ಮೇಲೆ ಒಂದು ಪ್ರಬಂಧವನ್ನೇ ಬರೆದರು. ಈ ಪದವನ್ನು 'ದಿ ಐರಿಷ್ ವಾಷರ್‌ವುಮನ್' ಎಂಬ ಹಳೆಯ ಐರಿಷ್ ಕುಣಿತದ ಮಟ್ಟಿಗೆ ಹೊಂದಿಸಿ ಹಾಡಬಹುದು ಎಂಬುದನ್ನು ಅವರು ಕಂಡುಕೊಂಡಿದ್ದರು. ಒಂದು ಕಡೆ ಕಾಯುತ್ತ ಕೂತಿದ್ದಾಗ ತಮ್ಮಷ್ಟಕ್ಕೇ ಹಾಡಿಕೊಳ್ಳುತ್ತಿದ್ದರಂತೆ. ಅಲ್ಲಿ ಕೆಲಸಕ್ಕಿದ್ದ ಐರಿಷ್ ಮೂಲದ ಹುಡುಗಿ ಕೇಳಿಸಿಕೊಂಡು, ಇವರು ಆ ಹಾಡನ್ನು ಮೂಲ ಗೇಲಿಕ್ ಭಾಷೆಯಲ್ಲೇ ಹಾಡುತ್ತಿದ್ದಾರೆ ಎಂದು ಖುಷಿಪಟ್ಟಳಂತೆ.

ಆ ಹುಡುಗಿಯ ಕಿವಿಯನ್ನು ದೂರುವಂತಿಲ್ಲ. ಇಂಗ್ಲಿಷ್ ಬಾಯಿಯಲ್ಲಿ ಈ ಪದ ನಿಜಕ್ಕೂ ಕುಣಿಯುತ್ತದೆ. ಇಂಗ್ಲಿಷಿನಲ್ಲಿ ಪದದ ಒಂದು ಘಟ್ಟಕ್ಕೆ ಒತ್ತು ಬಿದ್ದರೆ ಅದರ ಅಕ್ಕಪಕ್ಕದವು ಸೊರಗುತ್ತವೆ. ಇಲ್ಲಿ ಉಚ್ಚಾರದ ಹನ್ನೆರಡು ಘಟ್ಟಗಳಿವೆ. ಛಂದಸ್ಸಿನ ಅರ್ಥದಲ್ಲಿ ಹನ್ನೆರಡು ಅಕ್ಷರ. ಒತ್ತು ಬೀಳುವುದು ಒಂದು, ನಾಲ್ಕು, ಏಳು, ಹತ್ತನೆಯವುಗಳ ಮೇಲೆ: ಪ್ಯಾ, ಮೀ, ಮಿ, ಜಾಲ್. ಪ್ರತಿ ಒತ್ತಿನ ಬೆನ್ನಿಗೆ ಎರಡು ಹಗುರ ಅಕ್ಷರಗಳು. ಒತ್ತಿದ್ದನ್ನು ಗುರು, ಇಲ್ಲದ್ದನ್ನು ಲಘು ಎಂದು ಹಿಡಿದರೆ ಗುರು-ಲಘು-ಲಘು, ಗುರು-ಲಘು-ಲಘು ಎಂದು ನಾಲ್ಕು ಸಲ ಬರುತ್ತದೆ. 'ಯಮಾತಾರಾಜಭಾನಸಲಗಂ' ಎಂದು ಬಾಯಿಪಾಠ ಮಾಡಿದವರಿಗೆ ಇದು ಯಾವ ಗಣ ಎಂದು ಹೇಳಿಕೊಡಬೇಕಿಲ್ಲ: ಸಾಲಾಗಿ ನಾಲ್ಕು ಭಗಣ. ಐರಿಷ್ ಕುಣಿತದ ತಾಳವೂ ಮೂರು ಮೂರರ ನಡೆಯದೇ. ಹಾಗಾಗಿ ಪದವೂ ಮಟ್ಟೂ ಹೇಳಿ ಮಾಡಿಸಿದಂತೆ ಕೂಡಿಕೊಂಡವು.

ಅದೇ ಹರಳು, ಅದೇ ಹೆಸರು ಜರ್ಮನ್ ಬಾಯಿಗೆ ಹೋದರೆ ಕುಣಿತ ನಿಂತುಹೋಗುತ್ತದೆ. ಜರ್ಮನರು 'ಮೀಥೈಲ್' ಎನ್ನುವಲ್ಲಿ ಕೊನೆಯ ಅಕ್ಷರವನ್ನು ಒತ್ತುತ್ತಾರೆ. 'ಆಲ್ಡಿಹೈಡ್' ಪದದಲ್ಲೂ ಒತ್ತು ಬಾಲಕ್ಕೇ. ಎರ್ಲಿಖ್ ತಮ್ಮ ಕಾರಕದ ಹೆಸರು ಹೇಳಿದಾಗ ಯಾವ ಐರಿಷ್ ಹುಡುಗಿಗೂ ತನ್ನೂರು ನೆನಪಾಗುತ್ತಿರಲಿಲ್ಲ.

ಇನ್ನು ಕನ್ನಡದ ಬಾಯಿ. ಕನ್ನಡದಲ್ಲಿ ಇಂಗ್ಲಿಷಿನಂಥ ಒತ್ತು ಇಲ್ಲ. ಕನ್ನಡದ ಕಿವಿ ಲೆಕ್ಕ ಹಾಕುವುದು ಮಾತ್ರೆಯನ್ನು. ಪ್ಯಾ-ರಾ-ಡೈ-ಮೀ-ಥೈ ಐದೂ ಗುರು, ಲ-ಮಿ ಎರಡೂ ಲಘು, ನೋ-ಬೆಂ-ಜಾಲ್ ಮೂರೂ ಗುರು, ಡಿ ಲಘು, ಹೈಡ್ ಗುರು. ಒಟ್ಟು 21 ಮಾತ್ರೆ. ಈಗ ಪ್ರಸ್ತಾರ ಹಾಕಿದರೆ ಪ್ಯಾರಾ, ಡೈಮೀ, ಥೈಲಮಿ, ನೋಬೆಂ ಎಂದು ನಾಲ್ಕು ಮಾತ್ರೆಯ ನಾಲ್ಕು ಗಣಗಳು ಒಂದೂ ಕೊಂಕಿಲ್ಲದೆ ಬೀಳುತ್ತವೆ. ಹದಿನಾರು ಮಾತ್ರೆ, ಅಚ್ಚುಕಟ್ಟಾದ ಮಂದಾನಿಲ ರಗಳೆಯ ಒಂದು ಸಾಲು! ಉಳಿದ 'ಜಾಲ್ಡಿಹೈಡ್' ಐದು ಮಾತ್ರೆಯ ಬಾಲ. ಇಂಗ್ಲಿಷಿನಲ್ಲಿ ಮೂರರ ನಡೆಯಲ್ಲಿ ಕುಪ್ಪಳಿಸುವ ಪದ ಕನ್ನಡದಲ್ಲಿ ನಾಲ್ಕರ ನಡೆಯಲ್ಲಿ ಗಂಭೀರವಾಗಿ ಹೆಜ್ಜೆ ಹಾಕುತ್ತದೆ. ಒಂದು ಎಚ್ಚರಿಕೆ: 'ಅಮಿನೋ' ಎನ್ನುವ ಬದಲು ನಮ್ಮ ಪಠ್ಯಪುಸ್ತಕಗಳಲ್ಲಿ ಹೆಚ್ಚಾಗಿ ಕಾಣುವ 'ಅಮೈನೋ' ಎಂದರೆ ಒಂದು ಮಾತ್ರೆ ಜಾಸ್ತಿಯಾಗಿ ಮೂರನೆಯ ಗಣ ಕೆಡುತ್ತದೆ. ರಸಾಯನಕ್ಕೆ ಇದರಿಂದ ನಷ್ಟವಿಲ್ಲ, ರಗಳೆಗೆ ಇದೆ.

ಮೋಜು ಇಲ್ಲಿಗೆ ಸಾಕು. ತೊಡಕು ಶುರುವಾಗುವುದೇ ಇಲ್ಲಿಂದ. ತಾಳಕ್ಕೆ ಒಡೆದ ತುಂಡುಗಳಿಗೂ ಅರ್ಥಕ್ಕೆ ಒಡೆಯಬೇಕಾದ ತುಂಡುಗಳಿಗೂ ಹೊಂದಾಣಿಕೆಯೇ ಇಲ್ಲ. 'ಥೈಲಮಿ' ಎಂಬುದಕ್ಕೆ ಅರ್ಥವಿಲ್ಲ. ಅದು ಮೀಥೈಲ್‌ನ ಬಾಲ, ಅಮಿನೋದ ತಲೆ. ಇಂಗ್ಲಿಷಿನಲ್ಲಿ ಅತಿ ಹೆಚ್ಚು ಒತ್ತು ಬೀಳುವ 'ಜಾಲ್' ಎಂಬ ಅಕ್ಷರವಂತೂ ಅರ್ಧ ಒಂದು ಪದದ್ದು, ಅರ್ಧ ಇನ್ನೊಂದು ಪದದ್ದು: 'ಬೆಂಜ್' ಎಂಬುದರ ಕೊನೆಯ ವ್ಯಂಜನ ಹಿಂದಿನದು, 'ಆಲ್ಡಿಹೈಡ್'ನ ಮೊದಲ ಸ್ವರ ಮುಂದಿನದು. ಕಿವಿ ಎಲ್ಲಿ ಗಟ್ಟಿಯಾಗಿ ಕೇಳುತ್ತದೋ ಸರಿಯಾಗಿ ಅಲ್ಲೇ ಹೊಲಿಗೆ ಅಡಗಿದೆ. ಇಂಗ್ಲಿಷ್ ಮಾತಾಡುವ ವಿದ್ಯಾರ್ಥಿಯೂ ಇಂಥ ಹೆಸರುಗಳ ಮುಂದೆ ತಬ್ಬಿಬ್ಬಾಗುವುದು ಇದೇ ಕಾರಣಕ್ಕೆ. ಅವನ ಒತ್ತು ಅವನಿಗೇ ಅಡ್ಡ ಬರುತ್ತದೆ.

ಸಂಧಿ ಬಿಡಿಸಿ ವಿಗ್ರಹವಾಕ್ಯ ಬರೆದ ಕನ್ನಡ ವಿದ್ಯಾರ್ಥಿಗೆ ಇಷ್ಟು ತಬ್ಬಿಬ್ಬಾಗುವ ಕಾರಣವಿಲ್ಲ. ತತ್ಪುರುಷ ಸಮಾಸದಲ್ಲಿ ಉತ್ತರಪದವೇ ಪ್ರಧಾನ. 'ಅರಮನೆ' ಎಂದರೆ ಮನೆ, ಅರಸ ಅಲ್ಲ. ರಾಸಾಯನಿಕ ಹೆಸರುಗಳ ಕಟ್ಟೋಣವೂ ಬಹುಮಟ್ಟಿಗೆ ಇದೇ. ಕೊನೆಯ ಪದ ವಸ್ತು ಯಾವ ಜಾತಿಯದು ಎನ್ನುತ್ತದೆ. ಮುಂದಿರುವುದೆಲ್ಲ ಅದಕ್ಕೆ ವಿಶೇಷಣ. ಆದ್ದರಿಂದ ಓದಬೇಕಾದದ್ದು ಬಾಲದಿಂದ ತಲೆಗೆ.

ಬಾಲದಲ್ಲಿರುವುದು ಆಲ್ಡಿಹೈಡ್. 1835ರಲ್ಲಿ ಜರ್ಮನ್ ರಸಾಯನಜ್ಞ ಯೂಸ್ಟಸ್ ಲೀಬಿಗ್ ಕಟ್ಟಿದ ಪದ. 'ಆಲ್ಕೋಹಾಲ್ ಡಿಹೈಡ್ರೋಜಿನೇಟಮ್', ಅಂದರೆ ಹೈಡ್ರೋಜನ್ ಕಳೆದುಕೊಂಡ ಆಲ್ಕೋಹಾಲ್ ಎಂಬ ಲ್ಯಾಟಿನ್ ಮಾತನ್ನು ಎರಡೂ ಕಡೆ ಕತ್ತರಿಸಿ 'ಆಲ್' ಮತ್ತು 'ಡಿಹೈಡ್' ಉಳಿಸಿಕೊಂಡರು. ಆಲ್ಕೋಹಾಲ್ ಎಂಬುದು ಅರಬ್ಬಿಯ 'ಅಲ್-ಕುಹ್ಲ್'. ಕುಹ್ಲ್ ಎಂದರೆ ಕಣ್ಣಿಗೆ ಹಚ್ಚುವ ಸುರುಮದ ನುಣ್ಣನೆಯ ಪುಡಿ. ನುಣ್ಣನೆಯ ಪುಡಿಯಿಂದ ಯಾವುದೇ ವಸ್ತುವಿನ ಸಾರ, ಅಲ್ಲಿಂದ ದ್ರಾಕ್ಷಾರಸದ ಸಾರ ಎಂದು ಅರ್ಥ ಜಾರುತ್ತ ಬಂದು ಹದಿನಾರನೆಯ ಶತಮಾನದಲ್ಲಿ ಪ್ಯಾರಾಸೆಲ್ಸಸ್ ಕೈಯಲ್ಲಿ ಮದ್ಯದ ಸಾರಕ್ಕೆ ಅಂಟಿತು. ನಮ್ಮವರು ಕೊನೆಗೊಂದು ಉಕಾರ ಸೇರಿಸಿ 'ಆಲ್ಕೋಹಾಲು' ಎಂದು ಅದನ್ನು ಹಾಲಿನ ಪಂಕ್ತಿಯಲ್ಲಿ ಕೂರಿಸಿದ್ದು ಬೇರೆ ಕಥೆ. ಲೀಬಿಗ್ ಉಳಿಸಿಕೊಂಡ 'ಆಲ್' ಅರಬ್ಬಿಯಲ್ಲಿ ನಾಮಪದದ ಮುಂದೆ ಬರುವ ಬರೀ ಒಂದು ಉಪಪದ, ಇಂಗ್ಲಿಷಿನ 'ದಿ' ಇದ್ದ ಹಾಗೆ. ಸುರುಮ ಹೋಯಿತು, 'ದಿ' ಉಳಿಯಿತು. ಆ ಉಪಪದವೇ ಈಗ ಜಗತ್ತಿನ ಅನೇಕ ಆಲ್ಡಿಹೈಡ್‌ಗಳ ಅಧಿಕೃತ ಬಾಲ: ಮೆಥನಾಲ್ ಎಂಬ ಆಲ್ಕೋಹಾಲಿಗೆ ಜೋಡಿಯಾಗಿ ಮೆಥನ್ಯಾಲ್, ನಿಂಬೆಹುಲ್ಲಿನ ಎಣ್ಣೆಯ ಪರಿಮಳಕ್ಕೆ ಸಿಟ್ರಾಲ್, ಕಣ್ಣಿನ ಒಳಪದರದಲ್ಲಿ ಬೆಳಕು ಹಿಡಿಯುವ ರೆಟಿನಾಲ್. ಕನ್ನಡ ಲಿಪಿಯಲ್ಲಿ ಇಲ್ಲೊಂದು ಪೇಚು ಇದೆ. ಇಂಗ್ಲಿಷಿನಲ್ಲಿ ಆಲ್ಕೋಹಾಲಿನ ಬಾಲವೂ ಆಲ್ಡಿಹೈಡಿನ ಬಾಲವೂ ಬೇರೆ ಬೇರೆ ಸ್ವರದವು. ಕನ್ನಡದಲ್ಲಿ ಹೆಚ್ಚಾಗಿ ಎರಡನ್ನೂ 'ಆಲ್' ಎಂದೇ ಬರೆಯುವ ರೂಢಿ. ಹಾಗಾಗಿ ನಮ್ಮ ಬರಹದಲ್ಲಿ ಸಿಟ್ರಾಲ್ ಮತ್ತು ಓಮದಲ್ಲಿರುವ ಥೈಮಾಲ್ ಒಂದೇ ಜಾತಿಯವೆಂಬಂತೆ ಕಾಣುತ್ತವೆ. ಆದರೆ ಮೊದಲನೆಯದು ಆಲ್ಡಿಹೈಡ್, ಎರಡನೆಯದು ಹೈಡ್ರಾಕ್ಸಿ ಗುಂಪಿನ ನೆಂಟ.

ಆಲ್ಡಿಹೈಡಿನ ಹಿಂದಿನದು ಬೆಂಜ್. ಇದರ ಪ್ರಯಾಣ ಇನ್ನೂ ವಿಚಿತ್ರ. ಸುಮಾತ್ರಾ, ಜಾವಾ ಕಡೆಯ ಒಂದು ಮರದ ಅಂಟನ್ನು ಅರಬ್ ವ್ಯಾಪಾರಿಗಳು 'ಲುಬಾನ್ ಜಾವಿ', ಜಾವಾದ ಧೂಪ, ಎಂದು ಕರೆಯುತ್ತಿದ್ದರು. ದರ್ಗಾಗಳಲ್ಲಿ ಹಾಕುವ ಲೋಬಾನದ ಹೆಸರು ಇದೇ 'ಲುಬಾನ್'. ಬಾಣಂತಿಯ ಕೋಣೆಯಲ್ಲಿ ಮಗುವಿನ ತಲೆ ಆರಿಸಲು ಹೊಗೆ ಹಾಕುವ ಸಾಂಬ್ರಾಣಿಯೂ ಈ ಜಾತಿಯ ಮರದ ಅಂಟೇ. ಈ ಹೆಸರು ಸ್ಪೇನಿನ ಕರಾವಳಿಗೆ ಬಂದಾಗ ಅಲ್ಲಿನವರು ಮೊದಲಿನ 'ಲು' ಎಂಬುದನ್ನು ತಮ್ಮ ಭಾಷೆಯ ಉಪಪದವೆಂದು ತಿಳಿದು ಕಿತ್ತುಹಾಕಿದರು. ಉಳಿದ 'ಬಾನ್ ಜಾವಿ' ಬೆಂಜುಯಿ ಆಯಿತು, ಬೆಂಜೋಯಿನ್ ಆಯಿತು. ಅದರಿಂದ ತೆಗೆದ ಆಮ್ಲ ಬೆಂಜೋಯಿಕ್ ಆಮ್ಲ. ಉಪ್ಪಿನಕಾಯಿ, ಶರಬತ್ತಿನ ಬಾಟಲಿಗಳ ಮೇಲೆ ಸಂರಕ್ಷಕವೆಂದು ಬರೆದಿರುವ ಸೋಡಿಯಂ ಬೆಂಜೋಯೇಟ್ ಇದರದೇ ಲವಣ. ಲಂಡನ್ನಿನಲ್ಲಿ ಮೈಕೆಲ್ ಫ್ಯಾರಡೆ 1825ರಲ್ಲಿ ದೀಪದ ಅನಿಲದ ಉಳಿಕೆಯಲ್ಲಿ ಕಂಡಿದ್ದ ದ್ರವವನ್ನು ಜರ್ಮನಿಯ ಮಿಟ್‌ಶರ್ಲಿಖ್ ಈ ಆಮ್ಲವನ್ನು ಸುಣ್ಣದ ಜೊತೆ ಕಾಯಿಸಿ ಪಡೆದು 'ಬೆಂಜಿನ್' ಎಂದರು. ಆರು ಕಾರ್ಬನ್‌ಗಳ ಆ ಉಂಗುರವೇ ಇಂದಿನ ಬೆಂಜೀನ್. ಹೀಗೆ ಒಂದೇ ಪದದ ಮೈಯಲ್ಲಿ ಅಕ್ಕಪಕ್ಕದ ಎರಡು ತುಂಡುಗಳು: ಒಂದರಲ್ಲಿ ಉಪಪದವಲ್ಲದ್ದನ್ನು ಉಪಪದವೆಂದು ಬಿಸಾಡಿದರು, ಇನ್ನೊಂದರಲ್ಲಿ ಉಪಪದವನ್ನು ಇಟ್ಟುಕೊಂಡು ಪದವನ್ನೇ ಬಿಸಾಡಿದರು. ಹೊಲಿಗೆ ಹುಡುಕುವುದು ರಸಾಯನಜ್ಞರಿಗೇ ಅಷ್ಟು ಸುಲಭವಾಗಿರಲಿಲ್ಲ.

ಅಮಿನೋ ಬಂದದ್ದು ಅಮೋನಿಯಾದಿಂದ. ಅಮೋನಿಯಾದ ಮೂಲ 'ಸಾಲ್ ಅಮೋನಿಯಾಕ್', ಅಂದರೆ ಅಮ್ಮೋನನ ಉಪ್ಪು. ಈಜಿಪ್ಟಿನ ಪಶ್ಚಿಮ ಮರುಭೂಮಿಯ ಸೀವಾದಲ್ಲಿ ಅಮ್ಮೋನ್ ದೇವರ ಗುಡಿಯಿತ್ತು, ಅಲೆಕ್ಸಾಂಡರ್ ಹುಡುಕಿಕೊಂಡು ಹೋಗಿದ್ದ ಗುಡಿ. ಆ ಉಪ್ಪು ನಮಗೆ ಹೊಸದಲ್ಲ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವನು ಕಾದ ಪಾತ್ರೆಯ ಮೇಲೆ ಎರಚುತ್ತಿದ್ದ, ಮೂಗಿಗೆ ಘಾಟು ಹೊಡೆಯುತ್ತಿದ್ದ ನವಸಾಗರವೇ ಅದು.

ಮೀಥೈಲ್‌ನ ಕಥೆ ಚಿಕ್ಕದು. ಫ್ರಾನ್ಸಿನ ಡ್ಯೂಮಾ ಮತ್ತು ಪೆಲಿಗೋ 1830ರ ದಶಕದಲ್ಲಿ ಕಟ್ಟಿಗೆಯನ್ನು ಬಟ್ಟಿ ಇಳಿಸಿ ಬರುವ ದ್ರವವನ್ನು ಪರೀಕ್ಷಿಸುತ್ತ, ಗ್ರೀಕಿನ 'ಮೆಥು' ಮತ್ತು 'ಹೂಲೆ' ಎಂಬ ಎರಡು ಪದ ಕೂಡಿಸಿದರು: ಕಟ್ಟಿಗೆಯ ಮದಿರೆ. ಆ ಮೆಥು ಸಂಸ್ಕೃತದ ಮಧುವಿನ ಒಡಹುಟ್ಟು. (ನಮ್ಮ ಮದ್ಯದ ಧಾತು ಬೇರೆ, 'ಮದ್'. ಒಂದೇ ಎಂದುಕೊಳ್ಳುವುದು ಸುಲಭದ ತಪ್ಪು.) ಉಳಿದ 'ಡೈ' ಎಂದರೆ ಎರಡು. 'ಪ್ಯಾರಾ' ಎಂದರೆ ಬೆಂಜೀನ್ ಉಂಗುರದಲ್ಲಿ ಆಲ್ಡಿಹೈಡ್ ಇರುವ ಮೂಲೆಗೆ ನೇರ ಎದುರಿನ ಮೂಲೆ. ಎಲ್ಲ ಕೂಡಿಸಿ ವಿಗ್ರಹವಾಕ್ಯ ಹೇಳುವುದಾದರೆ: ಎರಡು ಮೀಥೈಲ್‌ಗಳನ್ನು ಹೊತ್ತ ಅಮಿನೋ ಗುಂಪು ಎದುರು ಮೂಲೆಯಲ್ಲಿ ಕೂತಿರುವ ಬೆಂಜಾಲ್ಡಿಹೈಡ್. ಇಷ್ಟು ಕೇಳಿದವರು ಆ ಅಣುವಿನ ಚಿತ್ರವನ್ನು ಕಾಗದದ ಮೇಲೆ ಬರೆಯಬಹುದು. ಒಂದೂ ಅಕ್ಷರ ದಂಡವಲ್ಲ.

ಗ್ರೀಕ್, ಲ್ಯಾಟಿನ್, ಅರಬ್ಬಿ, ಈಜಿಪ್ಟಿನ ದೇವರು ಎಲ್ಲ ಒಂದೇ ಸಮಾಸದಲ್ಲಿ. ಹದಿಮೂರನೆಯ ಶತಮಾನದಲ್ಲಿ 'ಶಬ್ದಮಣಿದರ್ಪಣ' ಬರೆದ ಕೇಶಿರಾಜ ಕನ್ನಡ-ಸಂಸ್ಕೃತ ಪದಗಳ ಕಲಬೆರಕೆಯನ್ನೇ ಅರಿಸಮಾಸವೆಂದು ತಕರಾರು ಮಾಡಿದವನು. ಇದನ್ನು ಕಂಡಿದ್ದರೆ ಓಲೆಗರಿ ಮಡಚಿ ಎದ್ದು ಹೋಗುತ್ತಿದ್ದ.

ಹಳೆಯ ಹೆಸರುಗಳು ಇಷ್ಟು ಗೋಜಿನವಾಗಿರಲಿಲ್ಲ. ಮೈಲುತುತ್ತ, ಅನ್ನಭೇದಿ, ಬಿಳಿಗಾರ, ಪೆಟ್ಲುಪ್ಪು: ಒಂದೊಂದೂ ಬಾಯಿಗೆ ಸಲೀಸು. ಮಳೆಗಾಲಕ್ಕೆ ಮುಂಚೆ ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುವ ಮಲೆನಾಡಿನ ತೋಟಿಗರಿಗೆ ಮೈಲುತುತ್ತ ಎಂದರೆ ಸಾಕು. ಆದರೆ ನವಿಲಿನ ಬಣ್ಣವನ್ನು ನೆನಪಿಸುವ ಆ ಹೆಸರು ಒಳಗೆ ಏನಿದೆ ಎಂದು ಹೇಳುವುದಿಲ್ಲ. ಕಾಪರ್ ಸಲ್ಫೇಟ್ ಎಂಬುದು ಹೇಳುತ್ತದೆ: ತಾಮ್ರ, ಗಂಧಕ, ಜೊತೆಗೆ ಆಕ್ಸಿಜನ್. ಈ ಬಗೆಯ ಹೆಸರಿಡುವಿಕೆಯನ್ನು ಪ್ಯಾರಿಸ್‌ನಲ್ಲಿ ಗೀಟೋನ್ ದ ಮೊರ್ವೋ, ಲವಾಸಿಯೇ, ಬರ್ತೊಲೆ, ಫೂರ್‌ಕ್ರಾ ನಾಲ್ವರೂ ಸೇರಿ 1787ರಲ್ಲಿ ಜಾರಿಗೆ ತಂದರು. ಸಾವಯವ ವಸ್ತುಗಳ ಹೆಸರುಗಳಿಗೆ ನಿಯಮ ಹಾಕಲು 1892ರಲ್ಲಿ ಜಿನೀವಾದಲ್ಲಿ ಸಭೆ ಸೇರಿತು. 1919ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ರಸಾಯನ ಒಕ್ಕೂಟ ಆ ಕೆಲಸವನ್ನು ಇಂದಿಗೂ ನಡೆಸಿಕೊಂಡು ಬರುತ್ತಿದೆ.

ಆ ನಾಲ್ವರು ಫ್ರೆಂಚರ ಏರ್ಪಾಟಿನಲ್ಲಿ ಹೆಸರನ್ನು ಬಾಯಿಬಿಟ್ಟು ಓದುವವರು ಗಮನಿಸಬೇಕಾದ ಅಪಾಯ ಒಂದಿದೆ. ಎಲ್ಲ ಭಾರವನ್ನೂ ಅವರು ಕೊನೆಯ ಅಕ್ಷರದ ಮೇಲೆ ಹೊರಿಸಿಬಿಟ್ಟರು. ಸಲ್ಫೈಡ್, ಸಲ್ಫೈಟ್, ಸಲ್ಫೇಟ್. ನೈಟ್ರೈಟ್, ನೈಟ್ರೇಟ್. ಸೈನೈಡ್, ಸೈನೇಟ್. ಕಿವಿಗೆ ಕೂದಲೆಳೆಯ ವ್ಯತ್ಯಾಸ, ವಸ್ತುಗಳು ಪೂರ್ತಿ ಬೇರೆ. ಅದೂ ಇಂಗ್ಲಿಷಿನಲ್ಲಿ ಒತ್ತು ಮೊದಲ ಅಕ್ಷರಕ್ಕೆ ಹೋಗಿ, ಅರ್ಥ ಹೊತ್ತ ಕೊನೆಯ ಅಕ್ಷರ ಇನ್ನಷ್ಟು ಮಸುಕಾಗುತ್ತದೆ. ಈ ಒಂದು ವಿಷಯದಲ್ಲಿ ಎಲ್ಲ ಅಕ್ಷರಗಳನ್ನೂ ಸಮವಾಗಿ ನುಡಿಯುವ ಕನ್ನಡದ ಉಚ್ಚಾರವೇ ವಾಸಿ. 1984ರ ಡಿಸೆಂಬರಿನಲ್ಲಿ ಭೋಪಾಲದ ಸುದ್ದಿ ಬಂದಾಗ ದೇಶವೆಲ್ಲ ಕಲಿತ ಹೆಸರು ಮೀಥೈಲ್ ಐಸೋಸೈನೇಟ್. ಅದರ ಬಾಲದಲ್ಲಿರುವುದು ಐಸೋಸೈನೇಟ್, ಸೈನೈಡ್ ಅಲ್ಲ.

ಒಂದು ವ್ಯಂಜನವೂ ಪ್ರಾಣದ ಮಾತಾಗಬಹುದು. ಈಥೈಲ್ ಆಲ್ಕೋಹಾಲ್, ಮೀಥೈಲ್ ಆಲ್ಕೋಹಾಲ್. ಎರಡೂ ನೀರಿನ ಹಾಗೆ ತಿಳಿ, ಎರಡಕ್ಕೂ ಹೆಚ್ಚು ಕಡಿಮೆ ಒಂದೇ ಬಗೆಯ ವಾಸನೆ. 1981ರಲ್ಲಿ ಬೆಂಗಳೂರಿನಲ್ಲಿ ವಿಷಮದ್ಯ ಕುಡಿದು ಮುನ್ನೂರಕ್ಕೂ ಹೆಚ್ಚು ಮಂದಿ ಸತ್ತರು. ಇಂಥ ದುರಂತಗಳ ಹಿಂದೆ ಸಾಮಾನ್ಯವಾಗಿ ಇರುವುದು ಮೀಥೈಲ್ ಆಲ್ಕೋಹಾಲ್. ಯಕೃತ್ತಿನ ಒಂದು ಕಿಣ್ವ ಅದರಿಂದ ಹೈಡ್ರೋಜನ್ ಕಿತ್ತುಕೊಳ್ಳುತ್ತದೆ. ಆಗ ಅದು ಲೀಬಿಗ್ ಹೇಳಿದ ಅರ್ಥದಲ್ಲೇ ಆಲ್ಡಿಹೈಡ್ ಆಗುತ್ತದೆ, ಫಾರ್ಮಾಲ್ಡಿಹೈಡ್. ಅಲ್ಲಿಂದ ಮುಂದೆ ಫಾರ್ಮಿಕ್ ಆಮ್ಲ. ಕಣ್ಣಿನ ನರ ಸಾಯುವುದು ಇದರಿಂದ.

ಸಂಖ್ಯೆಗಳ ಮಟ್ಟಿಗೆ ಕನ್ನಡಿಗರಿಗೆ ಕಲಿಯಲು ಹೊಸದೇನೂ ಇಲ್ಲ. ಡೈ, ಟ್ರೈ, ಪೆಂಟಾ, ಹೆಕ್ಸಾ, ಹೆಪ್ಟಾ, ಆಕ್ಟಾ, ಡೆಕಾ ಎಂಬ ಸಾಲಿನ ಪಕ್ಕ ದ್ವಿ, ತ್ರಿ, ಪಂಚ, ಷಟ್, ಸಪ್ತ, ಅಷ್ಟ, ದಶ ಎಂದು ಬರೆದರೆ ದಾಯಾದಿಗಳು ಗುರುತು ಸಿಗುತ್ತಾರೆ. ರಷ್ಯದ ಮೆಂಡಲೀವ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಸಂಸ್ಕೃತದ ಸಂಖ್ಯೆಯನ್ನೇ ಎತ್ತಿಕೊಂಡರು. ಆವರ್ತ ಕೋಷ್ಟಕದಲ್ಲಿ ಖಾಲಿ ಇದ್ದ ಮನೆಗಳಿಗೆ ಅವರು ಏಕ-ಬೋರಾನ್, ಏಕ-ಅಲ್ಯೂಮಿನಿಯಂ, ಏಕ-ಸಿಲಿಕಾನ್ ಎಂದು ಹೆಸರಿಟ್ಟರು. 1875ರಲ್ಲಿ ಗ್ಯಾಲಿಯಂ, 1879ರಲ್ಲಿ ಸ್ಕ್ಯಾಂಡಿಯಂ, 1886ರಲ್ಲಿ ಜರ್ಮೇನಿಯಂ ಸಿಕ್ಕಿ ಆ ಮನೆಗಳು ತುಂಬಿದವು.

ಹೆಸರಿನ ಎಲ್ಲವೂ ಬಾಯಿಗೆ ಬರುವುದಿಲ್ಲ ಎಂಬುದನ್ನೂ ಹೇಳಬೇಕು. ಇವತ್ತಿನ ನಿಯಮದಂತೆ ಎರ್ಲಿಖ್‌ರ ಹರಳಿನ ಹೆಸರು 4-(ಡೈಮೀಥೈಲಮಿನೋ)ಬೆಂಜಾಲ್ಡಿಹೈಡ್. 'ಪ್ಯಾರಾ' ಹೋಗಿ ನಾಲ್ಕು ಬಂದಿದೆ. ಆವರಣ ಚಿಹ್ನೆಯ ಕೆಲಸ, ಎರಡೂ ಮೀಥೈಲ್‌ಗಳು ಅಮಿನೋಗೆ ಸೇರಿದವು, ಉಂಗುರಕ್ಕಲ್ಲ ಎಂದು ತಿಳಿಸುವುದು. ಆವರಣ ಚಿಹ್ನೆಯನ್ನು ಉಚ್ಚರಿಸುವುದು ಹೇಗೆ? ಅಲ್ಲೊಂದು ಗುಟುಕು ನಿಲುಗಡೆ ಕೊಡುವುದು, ಅಷ್ಟೇ. ಕಾವ್ಯ ಓದುವವರು ಅದನ್ನು ಯತಿ ಎನ್ನುತ್ತಾರೆ. ಇದೇ ಬಾಲದ ಇನ್ನೊಂದು ಹೆಸರು 4-ಹೈಡ್ರಾಕ್ಸಿ-3-ಮೀಥಾಕ್ಸಿಬೆಂಜಾಲ್ಡಿಹೈಡ್. ಕೇಳಿದೊಡನೆ ಹೆದರಿಸುವ ಈ ಹೆಸರಿನ ಒಡೆಯ ವೆನಿಲಿನ್, ಐಸ್‌ಕ್ರೀಮಿನ ಪರಿಮಳ. ಇಪ್ಪತ್ತೊಂದನೆಯ ಶತಮಾನದ ಮೊದಲ ವರ್ಷಗಳಲ್ಲಿ ಮಲೆನಾಡು, ಕೊಡಗಿನ ಬೆಳೆಗಾರರು ಬೆಲೆ ಏರಿದಾಗ ಹಂಬು ನೆಟ್ಟು, ಇಳಿದಾಗ ಕೈಸುಟ್ಟುಕೊಂಡದ್ದು ಇದೇ ಬೆಂಜಾಲ್ಡಿಹೈಡಿನ ಬೆನ್ನು ಹತ್ತಿ.

ಉದ್ದದ ಹೆಸರು ಪೇಟೆಗೆ ಬಂದಾಗ ಕತ್ತರಿಗೆ ಸಿಗುತ್ತದೆ. ಅತ್ಯುತ್ತಮ ಉದಾಹರಣೆ ಜ್ವರದ ಮಾತ್ರೆ. ಅದರ ರಾಸಾಯನಿಕ ಹೆಸರು ಪ್ಯಾರಾ-ಅಸಿಟೈಲ್-ಅಮಿನೋ-ಫಿನಾಲ್. ಬ್ರಿಟನ್ನಿನವರು ಪ್ಯಾರಾ, ಅಸಿಟೈಲಿನ 'ಸಿಟ್', ಅಮಿನೋದ 'ಅಮ್', ಫಿನಾಲಿನ 'ಆಲ್' ಹೆಕ್ಕಿ ಪ್ಯಾರಾಸಿಟಮಾಲ್ ಮಾಡಿದರು. ಅಮೆರಿಕನ್ನರು ಅದೇ ಹೆಸರಿನ ಬೇರೆ ತುಂಡುಗಳನ್ನು ಕೂಡಿಸಿ ಅಸಿಟಮಿನೋಫೆನ್ ಎಂದರು. ಅಲ್ಲಿನ ಪ್ರಸಿದ್ಧ ಗುಳಿಗೆ ಟೈಲೆನಾಲ್ ಕೂಡ ಇದೇ ಪದದ ಕತ್ತರಿಚೂರು: ಅಸಿಟೈಲಿನ 'ಟೈಲ್', ಫಿನಾಲಿನ 'ಎನಾಲ್'. ಅಮೆರಿಕದಲ್ಲಿರುವ ಮಗಳ ಮನೆಗೆ ಹೋದ ತಾಯಿ ಅಂಗಡಿಯಲ್ಲಿ ಪ್ಯಾರಾಸಿಟಮಾಲ್ ಕೇಳಿ ಸಿಗದೆ ವಾಪಸಾದರೆ, ಕಾರಣ ಮದ್ದು ಇಲ್ಲವೆಂದಲ್ಲ, ಕತ್ತರಿ ಬೇರೆ ಕಡೆ ಬಿದ್ದಿದೆ ಎಂದು. ಬೆಂಗಳೂರಿನ ಕಂಪನಿಯೊಂದರ ಡೋಲೊ ಎಂಬ ಹೆಸರಿನಲ್ಲಿ ಮಾತ್ರ ಆ ಮೂಲ ಹೆಸರಿನ ಯಾವ ಅಕ್ಷರಕ್ಕೂ ಅರ್ಥದ ಜವಾಬ್ದಾರಿ ಇಲ್ಲ.

ಕತ್ತರಿಸುವುದು ಅನುಕೂಲಕ್ಕೆ. ಮುಚ್ಚಿಡುವುದಕ್ಕೂ ಅದೇ ಕತ್ತರಿ ಸಾಕಾಗುತ್ತದೆ. ಮಲೇರಿಯಾ ನಿಯಂತ್ರಣದ ಕಾಲದಲ್ಲಿ ಮಲೆನಾಡಿನ ಮನೆಗಳ ಗೋಡೆಗೆಲ್ಲ ಹೊಡೆದ ಡಿಡಿಟಿಯ ಬಿಡಿಸಿದ ರೂಪ ಡೈಕ್ಲೋರೋ-ಡೈಫಿನೈಲ್-ಟ್ರೈಕ್ಲೋರೋ-ಈಥೇನ್. ಎರಡು ಕ್ಲೋರಿನ್, ಮತ್ತೆ ಮೂರು ಕ್ಲೋರಿನ್, ಒಟ್ಟು ಐದು ಎಂದು ಹೆಸರೇ ಲೆಕ್ಕ ಕೊಡುತ್ತದೆ. ಮೂರು ಅಕ್ಷರದ ಡಿಡಿಟಿ ಕೊಡುವುದಿಲ್ಲ. ಎಂಡೋಸಲ್ಫಾನ್ ಎಂಬ ಹೆಸರು ಇನ್ನೂ ಮೌನಿ. ಅದರ ಪೂರ್ಣ ರಾಸಾಯನಿಕ ಹೆಸರು ಶುರುವಾಗುವುದೇ 'ಹೆಕ್ಸಾಕ್ಲೋರೋ' ಎಂದು. ಆರು ಕ್ಲೋರಿನ್‌ಗಳು, ಡಿಡಿಟಿಯ ಬಳಗದ್ದೇ ಎಂದು ಓದಬಲ್ಲವರಿಗೆ ಗೊತ್ತಾಗುತ್ತದೆ. ಪೇಟೆಯ ಹೆಸರಿನಲ್ಲಿ ಗಂಧಕದ ಸುಳಿವು ಇದೆ, ಕ್ಲೋರಿನ್ನಿನ ಸುಳಿವು ಇಲ್ಲ. ಕಾಸರಗೋಡಿನಲ್ಲಿ, ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆಯ ಸುತ್ತ ಗೇರುತೋಟಗಳ ಮೇಲೆ ಅದನ್ನು ಆಕಾಶದಿಂದ ಸುರಿದಾಗ ಕೆಳಗಿದ್ದವರು ಕೇಳಿದ್ದು ಆ ಚಿಕ್ಕ ಹೆಸರನ್ನು ಮಾತ್ರ. ಸುಪ್ರೀಂ ಕೋರ್ಟ್ ಅದನ್ನು ತಡೆದದ್ದು 2011ರಲ್ಲಿ. ಪೂರ್ತಿ ಹೆಸರು ಗೊತ್ತಿದ್ದರೆ ಊರವರು ಉಳಿಯುತ್ತಿದ್ದರು ಎನ್ನುವುದು ಹುಡುಗಾಟದ ಮಾತಾದೀತು. ಆದರೆ ಕೇಳಬೇಕಾದ ಪ್ರಶ್ನೆ ಏನೆಂದಾದರೂ ಗೊತ್ತಿರುತ್ತಿತ್ತು.

ಇನ್ನೊಂದು ತುದಿಯ ಹುಚ್ಚೂ ಇದೆ. ಸ್ನಾಯುವಿನಲ್ಲಿರುವ ಟೈಟಿನ್ ಎಂಬ ಪ್ರೋಟೀನಿನ ಹೆಸರನ್ನು ನಿಯಮದ ಪ್ರಕಾರ ಬಿಡಿಸಿ ಬರೆದರೆ ಇಂಗ್ಲಿಷ್ ಲಿಪಿಯಲ್ಲಿ 1,89,819 ಅಕ್ಷರ. ಓದಲು ಗಂಟೆಗಟ್ಟಲೆ ಬೇಕು. ಜಗತ್ತಿನ ಅತಿ ಉದ್ದದ ಪದವೆಂದು ಇದನ್ನು ಮೆರೆಸುವವರಿದ್ದಾರೆ. ಯಾವ ರಸಾಯನಜ್ಞನೂ ಅದನ್ನು ಬಳಸುವುದಿಲ್ಲ, ಅದನ್ನು ಪದವೆಂದು ಒಪ್ಪುವುದೂ ಕಷ್ಟ.

ಹಾಗಾದರೆ ಇವನ್ನೆಲ್ಲ ಕನ್ನಡಕ್ಕೆ ತಂದುಬಿಡಬಾರದೇ? ಈ ಚರ್ಚೆ ನೂರು ವರ್ಷಕ್ಕೂ ಹಳೆಯದು. 1918ರ ಹೊತ್ತಿಗೆ ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ 'ವಿಜ್ಞಾನ' ಮಾಸಪತ್ರಿಕೆ ತಂದಾಗಲೇ ಪಾರಿಭಾಷಿಕ ಪದಗಳ ಪ್ರಶ್ನೆ ಎದುರಿಗಿತ್ತು. ಆಮ್ಲಜನಕ, ಜಲಜನಕ, ಸಾರಜನಕ ಇಂಥ ಯತ್ನಗಳ ಫಲ, ಚೆನ್ನಾಗಿ ಬೇರೂರಿದವು ಕೂಡ. ಆದರೆ ಆಮ್ಲಜನಕದೊಳಗೆ ಲವಾಸಿಯೇ ಮಾಡಿದ ತಪ್ಪೂ ಅನುವಾದವಾಗಿದೆ. ಎಲ್ಲ ಆಮ್ಲಗಳಲ್ಲೂ ಆಕ್ಸಿಜನ್ ಇರುತ್ತದೆಂದು ಅವರು ನಂಬಿದ್ದರು. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದಿಲ್ಲವೆಂದು ಹಂಫ್ರಿ ಡೇವಿ 1810ರಲ್ಲೇ ತೋರಿಸಿದರು. ಬೀಜಪದ ಒಂದನ್ನು ಅನುವಾದಿಸಬಹುದು. ಹತ್ತು ಬೀಜಗಳ ಸಮಾಸವನ್ನು ಅನುವಾದಿಸಹೊರಟರೆ ಮೂಲಕ್ಕಿಂತ ದೊಡ್ಡ ಗೋಜಲು ಕೈಗೆ ಬರುತ್ತದೆ. 'ಮೀಥೈಲ್' ಮೀಥೈಲ್ ಆಗಿಯೇ ಇರಲಿ. ಕನ್ನಡದ್ದಾಗಬೇಕಿರುವುದು ಅದನ್ನು ಬಿಡಿಸುವ ವಿಧಾನ.

ಆ ವಿಧಾನ ನಮ್ಮ ಶಾಲೆಗಳಲ್ಲಿ ಈಗಾಗಲೇ ಇದೆ, ಆದರೆ ಬೇರೆ ಕೋಣೆಯಲ್ಲಿ. ಹತ್ತನೆಯ ತರಗತಿಯ ಹುಡುಗರು ಕನ್ನಡದ ಪೀರಿಯಡ್ಡಿನಲ್ಲಿ ಸಮಾಸ ಬಿಡಿಸಿ, ಪ್ರಸ್ತಾರ ಹಾಕಿ, ಮುಂದಿನ ಪೀರಿಯಡ್ಡಿನಲ್ಲಿ 'ಕಾರ್ಬನ್ ಮತ್ತು ಅದರ ಸಂಯುಕ್ತಗಳು' ಪಾಠದ ಹೆಸರುಗಳನ್ನು ಅರ್ಥವಿಲ್ಲದ ಸದ್ದಿನಂತೆ ಉರುಹೊಡೆಯುತ್ತಾರೆ. ಕನ್ನಡದ ಮೇಷ್ಟ್ರು ವರ್ಷಕ್ಕೊಮ್ಮೆ ಪ್ಯಾರಾಸಿಟಮಾಲ್ ಪಟ್ಟಿಯೊಂದನ್ನು ತರಗತಿಗೆ ತಂದು ಅದರ ಹೆಸರಿಗೆ ವಿಗ್ರಹವಾಕ್ಯ ಬರೆಸಲಿ. ವಿಜ್ಞಾನದ ಮೇಷ್ಟ್ರು ಕರಿಹಲಗೆಯ ಮೇಲೆ ಹೆಸರನ್ನು ಬರೆದಾಗ ಕೊನೆಯ ತುಂಡಿಗೆ ಮೊದಲು ಗೆರೆ ಎಳೆಯಲಿ. ಇದಕ್ಕೆ ಇಲಾಖೆಯ ಸುತ್ತೋಲೆ ಬೇಕಾಗಿಲ್ಲ, ಇಬ್ಬರು ಮೇಷ್ಟ್ರುಗಳು ಸ್ಟಾಫ್ ರೂಮಿನಲ್ಲಿ ಒಂದು ಪೀರಿಯಡ್ಡು ಅದಲುಬದಲು ಮಾಡಿಕೊಂಡರೆ ಸಾಕು.